ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಪಿಕಪ್, ಕೆಳಗಡೆ ಟಕ್ ಅನ್ನುತ್ತೆ, ಅನುಭವ ಇರೋರು ಹೇಳಿ

ಕೆಂಗೇರಿ ಡಬಲ್‌ಕ್ಯಾಬ್:
ನಮಸ್ಕಾರ ಎಲ್ರಿಗೂ. ಎರಡು ತಿಂಗಳ ಹಿಂದೆ 2017ರ ಪಿಕಪ್ ತಗೊಂಡೆ, ಮ್ಯಾನ್ಯುವಲ್, 1 ಲಕ್ಷದ 12 ಸಾವಿರ ಓಡಿದೆ, ಹಿಂದಿನ ಓನರ್ 2 ಇಂಚು ಲಿಫ್ಟ್, ಅಂದ್ರೆ ಗಾಡಿ ಎತ್ತರ ಮಾಡಿಸಿದಾರೆ. ಫಸ್ಟ್ ಗೇರಲ್ಲಿ ಕ್ಲಚ್ ಬಿಡೋವಾಗ ಕೆಳಗಡೆ ಟಕ್, ರಿವರ್ಸ್ ಹಾಕಿದ್ರೂ ಟಕ್. 60-70ರಲ್ಲಿ ಸೀಟ್ ಕೆಳಗೆ ನಡುಕ. ಬೇಸ್‌ಮೆಂಟಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಪವರ್) ಹಾಕಿ ನೋಡ್ದೆ, ತಿರುಗಿಸೋಕೆ ಹೋದ್ರೆ ಯಾರೋ ಹಿಂದಿಂದ ಹಿಡ್ಕೊಂಡಂಗೆ ಬಿಗಿ, ವಾಪಸ್ ಟೂ ಹೈ (ಹಿಂದಿನ ಎರಡು ಚಕ್ರಕ್ಕೆ ಮಾತ್ರ) ಹಾಕಿದ್ರೆ ಡ್ಯಾಶ್‌ಬೋರ್ಡಲ್ಲಿ ಫೋರ್ ಬೈ ಫೋರ್ ಲೈಟ್ ಮಿಣುಕ್ತಾನೇ ಇತ್ತು. ಒಬ್ರು ಮೆಕ್ಯಾನಿಕ್ಕು ಮುಂದೆ ಹಿಂದೆ ಪವರ್ ಹಂಚೋ ಟ್ರಾನ್ಸ್‌ಫರ್ ಕೇಸೇ ಹೋಗಿದೆ, 85 ಸಾವಿರ ಅಂದ್ರು. ಇನ್ನೊಬ್ರು ಹಿಂದಕ್ಕೆ ಪವರ್ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದ್ರೆ ಅದರ ಜಾಯಿಂಟ್ ಅಷ್ಟೇ ಅಂದ್ರು. ಯಾರನ್ನ ನಂಬ್ಲಿ?

ರಾಜಾಜಿನಗರ ಡೀಸೆಲ್:
ಸರ್, ಯಾರನ್ನೂ ನಂಬ್ಬೇಡಿ, ನನ್ ಕಥೆ ಕೇಳಿ. ನಂದೂ ಪಿಕಪ್ಪೇ, 80 ದಾಟಿದ್ರೆ ವೂಂ ಅಂತ ಸೌಂಡು. ಮೊದಲು ಹಬ್ ಬೇರಿಂಗ್ ಅಂದ್ರು, ಮುಂದಿನವು ಎರಡೂ 15,600, ಲೇಬರ್ 3,000. ಸೌಂಡ್ ಹಂಗೇ. ಆಮೇಲೆ ಶಾಫ್ಟ್ ನಡುವಿನ ಸೆಂಟರ್ ಬೇರಿಂಗ್ ಅಂತ 4,200, ಲೇಬರ್ 1,200. ಹಂಗೇ. ಆಮೇಲೆ ಹಿಂದಿನ ಆಕ್ಸಲ್ ಹೌಸಿಂಗ್ ಬಿಚ್ಚಿ ಒಳಗಿನ ಗೇರ್ ಜೋಡಿ ಕ್ರೌನ್ ಪಿನಿಯನ್ 38,000, ಲೇಬರ್ 9,000, ಆಯಿಲ್ ಮತ್ತೊಂದು 3,500. ಗಾಡಿ ಹನ್ನೊಂದು ದಿನ ಗ್ಯಾರೇಜಲ್ಲಿ, ನಾನು ದಿನಾ ಮೆಟ್ರೋದಲ್ಲಿ ನಿಂತ್ಕೊಂಡು ಆಫೀಸಿಗೆ. ವಾಪಸ್ ಬಂದು ನೈಸ್ ರೋಡಿಗೆ ಹಾಕಿದ್ರೆ ಅದೇ ವೂಂ. ಕೊನೆಗೆ ಟೈರ್ ಅಂಗಡಿ ಹುಡುಗ ಟೈರ್ ಮೇಲೆ ಅಂಗೈ ಸವರಿ ಮುಟ್ಟಿ ನೋಡಿ ಸರ್ ಅಂದ, ಒಂದು ದಿಕ್ಕಲ್ಲಿ ನುಣುಪು, ಇನ್ನೊಂದು ದಿಕ್ಕಲ್ಲಿ ಗರಗಸ. ನಾಲ್ಕು ಟೈರ್ 58,000, ಸೌಂಡ್ ಮಾಯ. ಒಟ್ಟು 1,32,500, ಅದರಲ್ಲಿ 74,500 ನೀರಿಗೆ ಹಾಕಿದಂಗೆ. ಆಕ್ಸಿಲರೇಟರ್ ಬಿಟ್ರೂ ಒತ್ತಿದ್ರೂ ಸೌಂಡ್ ಒಂದೇ ಸಮ ಇದ್ರೆ, ರೋಡ್ ಬದಲಾದಾಗ ಮಾತ್ರ ಬದಲಾದ್ರೆ, ಅದು ಟೈರು. ಇದನ್ನ ಬಿಲ್ ಹಾಕಿದ ಮೂರು ಜನರಲ್ಲಿ ಒಬ್ರೂ ಹೇಳ್ಲಿಲ್ಲ.

ಸರ್ಜಾಪುರ ರೋಡ್:
ಅವರು ಟಕ್ ಅಂತಿದಾರೆ, ನೀವು ವೂಂ ಅಂತೀರಲ್ಲ ಸರ್. ದಾರಿ ತಪ್ಪಿಸ್ಬೇಡಿ. ಮೊದಲು ಆಯಿಲ್ ನೋಡ್ಬೇಕು. 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳು ಮುಳುಗಿದ್ವಲ್ಲ, ಅಲ್ಲಿ ನಿಂತಿದ್ದ ಗಾಡಿನ ತೊಳೆದು ಪಾಲಿಶ್ ಹೊಡೆದು ಆರು ತಿಂಗಳ ಮೇಲೆ ನಂಗೆ ಮಾರಿದ್ರು. ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಸೆಟ್) ಡ್ರೇನ್ ಪ್ಲಗ್ ಬಿಚ್ಚಿದ್ರೆ ಎಣ್ಣೆ ಬರ್ಲಿಲ್ಲ, ಹಾಲು ಜಾಸ್ತಿ ಹಾಕಿದ ಕಾಫಿ ತರ ಬಂತು. ಪ್ಲಗ್ ಮ್ಯಾಗ್ನೆಟ್ ಮೇಲೆ ನುಣ್ಣಗೆ ಬೂದು ಪೇಸ್ಟ್ ಇದ್ರೆ ಚಿಂತೆ ಇಲ್ಲ, ನಂದರಲ್ಲಿ ಉಗುರಿನ ಚೂರಿನಷ್ಟು ದಪ್ಪ ಲೋಹದ ಚಕ್ಕೆ. ಅವತ್ತು ರಾತ್ರಿ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡ್ದೆ, ಕೊನೇಲಿ ಕೆಸರಿನ ಗೆರೆ. ತಗೊಳ್ಳೋ ದಿನ ಅದೊಂದು ಬೆಲ್ಟ್ ಎಳೆದಿದ್ರೆ 1,10,000 ಉಳೀತಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಸಕಲೇಶಪುರ ತೋಟ:
ಮುಳುಗಲೇಬೇಕು ಅಂತಿಲ್ಲ. ನಮ್ ಕಡೆ ಹಳ್ಳ ದಾಟೋವಾಗ ಬಿಸಿ ಇರೋ ಹೌಸಿಂಗ್ ಪಕ್ಕನೆ ತಣ್ಣಗಾಗುತ್ತೆ, ಗಾಳಿ ಆಡೋ ಬ್ರೀದರ್ ಕಟ್ಕೊಂಡಿದ್ರೆ ಸೀಲ್ ಸಂದಿಂದ ನೀರು ಎಳ್ಕೊಳ್ಳುತ್ತೆ. ನಾನು ಪ್ರತಿ ಮಳೆಗಾಲ ಮುಗಿದ ಮೇಲೆ ಮುಂದೆ ಹಿಂದೆ ಎರಡೂ ಆಯಿಲ್ ಬದಲಾಯಿಸ್ತೀನಿ, ಒಂಬತ್ತು ವರ್ಷ ಆಯ್ತು, ಒಂದು ಬೇರಿಂಗ್ ಹೋಗಿಲ್ಲ. ನಮ್ಮನೇವ್ರು ಇಷ್ಟು ನಿಗಾ ನಮ್ ಮೇಲಿಲ್ಲ ಅಂತಾರೆ. ಪೋಸ್ಟ್ ಹಾಕಿದವರ ಗಾಡೀಲಿ ಆ ಲಿಫ್ಟೇ ಮೂಲ ಕಾರಣ. ಎತ್ತರ ಮಾಡಿದ್ರೆ ಶಾಫ್ಟ್ ಆಂಗಲ್ ಜಾಸ್ತಿ ಆಗುತ್ತೆ, ಕ್ರಾಸ್ ಸವೆಯುತ್ತೆ, ಮುಂದೆ ಆಕ್ಸಲ್ ಜಾಯಿಂಟಿನ ರಬ್ಬರ್ ಕವರ್, ಸಿವಿ ಬೂಟ್, ಹರಿಯುತ್ತೆ.

ಲಿಫ್ಟೆಡ್ ಲೈಫ್ ಯಲಹಂಕ:
ಎಲ್ಲದಕ್ಕೂ ಲಿಫ್ಟ್ ಮೇಲೆ ಹಾಕ್ಬಿಡಿ. ನಂದು 2 ಇಂಚು ಲಿಫ್ಟ್, 60 ಸಾವಿರ ಓಡಿಸಿದೀನಿ, ಹಿಮಾಚಲದ ಸ್ಪಿತಿವರೆಗೂ ಹೋಗ್ಬಂದೆ. ಕೆಲಸ ಸರಿಯಾಗಿ ಮಾಡೋರ ಹತ್ರ ಮಾಡಿಸ್ಬೇಕು ಅಷ್ಟೇ.

ಸಕಲೇಶಪುರ ತೋಟ:
2019ರ ಜನವರೀಲಿ ಸುಪ್ರೀಂ ಕೋರ್ಟ್ ಏನು ಹೇಳ್ತು ಓದ್ಕೊಳ್ಳಿ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. ನಾಳೆ ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್‌ನವರು ತಕರಾರು ತೆಗೆದ್ರೆ ಸ್ಪಿತಿ ಫೋಟೋ ತೋರಿಸ್ತೀರಾ?

ಲಿಫ್ಟೆಡ್ ಲೈಫ್ ಯಲಹಂಕ:
ನನ್ ಇನ್ಶೂರೆನ್ಸ್ ಚಿಂತೆ ನಿಮಗ್ಯಾಕೆ ಸ್ವಾಮಿ. ತೋಟದ ಗೇಟ್‌ವರೆಗೆ ಓಡಿಸೋರು ನಮಗೆ ಪಾಠ ಹೇಳ್ತಾರೆ.

ಜೆಸಿ ರೋಡ್ ಖಾಯಂ ಗಿರಾಕಿ:
ಜಗಳ ಬಿಡ್ರಪ್ಪ. ಆ 85 ಸಾವಿರದ ಬಗ್ಗೆ ಯಾರೂ ಮಾತಾಡ್ತಿಲ್ಲ. ನಂಗೂ ಹಿಂಗೇ ಹೇಳಿದ್ರು, ನಾನು ಶಿವಾಜಿನಗರ ಗುಜರಿಯಲ್ಲಿ ಟ್ರಾನ್ಸ್‌ಫರ್ ಕೇಸ್ 22,000ಕ್ಕೆ ತಂದು ಹಾಕಿಸ್ದೆ, ನಾಲ್ಕು ವರ್ಷ ಆಯ್ತು, ಕಲ್ಲಿನಂಗಿದೆ.

ಸರ್ಜಾಪುರ ರೋಡ್:
ಗುಜರೀದು ಯಾವ ಮುಳುಗಿದ ಗಾಡೀದೋ ಯಾರಿಗೊತ್ತು! ನನ್ನಂಥವರು ಅಳ್ತಿರೋದು ನಿಮ್ಮಂಥವರ ಸಲಹೆಯಿಂದಾನೇ.

ಜೆಸಿ ರೋಡ್ ಖಾಯಂ ಗಿರಾಕಿ:
ಬಿಚ್ಚಿಸಿ, ಚೈನ್ ಸಡಿಲ ಇದೆಯಾ ಅಂತ ಕೈಯಲ್ಲಿ ಎಳೆದು ನೋಡಿ ತಂದಿದೀನಿ ರೀ. ಕಣ್ಮುಚ್ಚಿ ತಂದಿಲ್ಲ. ನಿಮ್ ಬೆಲ್ಟ್ ನೀವು ಎಳೀಲಿಲ್ಲ, ಅದಕ್ಕೆ ನಾನೇನು ಮಾಡ್ಲಿ.

ಹೊಸೂರು ರೋಡ್ ಫ್ಲೀಟ್:
ಕೆಂಗೇರಿಯವ್ರೇ, ಆ ಬಿಗಿ ಮತ್ತೆ ಲೈಟ್ ಬಗ್ಗೆ ಒಂದೇ ಮಾತು. ಪಾರ್ಟ್ ಟೈಮ್ ಸಿಸ್ಟಮಲ್ಲಿ, ಅಂದ್ರೆ ಬೇಕಾದಾಗ ಮಾತ್ರ ಫೋರ್ ಬೈ ಫೋರ್ ಹಾಕೋ ಗಾಡೀಲಿ, ಮುಂದಿನ ಹಿಂದಿನ ಶಾಫ್ಟ್ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗುತ್ತೆ, ಹಿಂದಿನದು ಕಮ್ಮಿ, ಮಣ್ಣಲ್ಲಾದ್ರೆ ಟೈರ್ ಜಾರಿ ಸರಿಹೋಗುತ್ತೆ, ಒಣಗಿದ ಕಾಂಕ್ರೀಟಲ್ಲಿ ಜಾರಲ್ಲ, ತಿರುಚೋ ಬಲ ಎಲ್ಲಾ ಶಾಫ್ಟ್‌ಗಳಲ್ಲೇ ಕೂತ್ಕೊಳ್ಳುತ್ತೆ. ಅದಕ್ಕೇ ಬಿಗಿ, ಅದಕ್ಕೇ ಲಾಕ್ ಬಿಡದೆ ಲೈಟ್ ಮಿಣುಕೋದು. ನೇರವಾಗಿ ಇಪ್ಪತ್ತು ಅಡಿ ರಿವರ್ಸ್ ಹೋಗಿ ನೋಡಿ. ನಾಲ್ಕೂ ಟೈರ್ ಒಂದೇ ಸೈಜು, ಒಂದೇ ಸವೆತ ಇರ್ಬೇಕು, ನಮ್ದೊಂದು ಗಾಡೀಲಿ ಡ್ರೈವರ್ ಹಿಂದೆ ಮಾತ್ರ ಹೊಸ ಟೈರ್ ಹಾಕಿಸಿ ಫೋರ್ ಹೈಯಲ್ಲಿ ಓಡಿಸಿ ನಂಗೆ 41,000 ಬತ್ತಿ ಇಟ್ಟ. ಟಕ್ ಬೇರೆ ವಿಷಯ, ಕೆಳಗೆ ಮಲಗಿ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ, ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ.

ಕೆಂಗೇರಿ ಡಬಲ್‌ಕ್ಯಾಬ್:
ಬೆಳಿಗ್ಗೆ ಟಾರ್ಚ್ ಹಿಡ್ಕೊಂಡು ಕೆಳಗೆ ಹೋದೆ. ರಿವರ್ಸ್ ಹೋದ ತಕ್ಷಣ ಲೈಟ್ ಆರಿಹೋಯ್ತು, ಹೊಸೂರು ರೋಡ್ ಸರ್‌ಗೆ ಕೈ ಮುಗೀತೀನಿ. ಹಿಂದಿನ ಶಾಫ್ಟ್ ಹಿಡಿದು ಅಲ್ಲಾಡಿಸಿದ್ರೆ ಹೌಸಿಂಗ್ ಕಡೆ ಕ್ರಾಸಲ್ಲಿ ಟಕ್ ಟಕ್, ಅದೇ ಸೌಂಡು. ಕ್ರಾಸ್ ಕಪ್ ಸುತ್ತ ಕುಂಕುಮ ಉದುರಿದಂಗೆ ಕೆಂಪು ತುಕ್ಕಿನ ಪುಡಿ, ಗ್ರೀಸ್ ಅನ್ನೋದೇ ಇಲ್ಲ. ಎರಡೂ ಆಯಿಲ್ ಬಿಚ್ಚಿಸ್ದೆ, ಕಪ್ಪಗಿದೆ, ನೀರಿಲ್ಲ. ಕ್ರಾಸ್ ಎರಡಕ್ಕೆ 3,400 ಹೇಳಿದಾರೆ, ಶಾಫ್ಟ್ ಬ್ಯಾಲೆನ್ಸಿಂಗ್ ಪೀಣ್ಯದಲ್ಲಿ.

ಜೆಸಿ ರೋಡ್ ಖಾಯಂ ಗಿರಾಕಿ:
ಗ್ರೀಸ್ ನಿಪ್ಪಲ್ ಇರೋದೇ ತಗೊಳ್ಳಿ. ಬಿಚ್ಚೋ ಮೊದ್ಲು ಶಾಫ್ಟ್ ಮೇಲೆ ಮಾರ್ಕ್ ಹಾಕಿಸಿ, ತಿರುಗುಮುರುಗಾಗಿ ಕೂರಿಸಿದ್ರೆ ನಡುಕ ಹೋಗಲ್ಲ.

ಸಕಲೇಶಪುರ ತೋಟ:
ಜೊತೆಗೆ ಆ ಲಿಫ್ಟೂ ಇಳಿಸಿ.

ಲಿಫ್ಟೆಡ್ ಲೈಫ್ ಯಲಹಂಕ:
ಇಳಿಸ್ಬೇಡಿ. ಆಂಗಲ್ ಸರಿ ಮಾಡೋಕೆ ಸೆಂಟರ್ ಬೇರಿಂಗ್‌ಗೆ ಸ್ಪೇಸರ್ ಬರುತ್ತೆ, 1,800, ನಂಗೆ ಮೆಸೇಜ್ ಮಾಡಿ.