ಮಾಲರ್‌ನ ‘ಭೂಮಿಯ ಹಾಡು’: ಮುದ್ರಣಗಳನ್ನು ಎಲ್ಲೆಲ್ಲಿ ಕಿವಿಗೊಟ್ಟು ಹೋಲಿಸಬೇಕು?

ಹೊಸಕಿವಿ:
ಆಸ್ಟ್ರಿಯಾದ ಸಂಗೀತಕಾರ ಮಾಲರ್‌ನ ‘ದಾಸ್ ಲೀಡ್ ಫಾನ್ ಡೆರ್ ಎರ್ಡೆ’, ಅಂದರೆ ‘ಭೂಮಿಯ ಹಾಡು’: ಆರ್ಕೆಸ್ಟ್ರಾ ಜೊತೆಗೆ ಟೆನರ್ (ಎತ್ತರದ ಗಂಡುದನಿ) ಮತ್ತು ಹೆಣ್ಣುದನಿ ಒಂದು ಬಿಟ್ಟು ಒಂದರಂತೆ ಹಾಡುವ ಆರು ಹಾಡು. ಇದರ ಮೂರು ಧ್ವನಿಮುದ್ರಣಗಳನ್ನು ಕಂಡಕ್ಟರ್‌ಗಳ ಹೆಸರಿನಲ್ಲಿ ಹೋಲಿಸುತ್ತಿದ್ದೇನೆ: ಬ್ರೂನೊ ವಾಲ್ಟರ್ 1952, ಕ್ಲೆಂಪರರ್, ಬರ್ನ್‌ಸ್ಟೈನ್ 1966. ಎರಡು ಕಡೆ ತೊಡಕಾಗುತ್ತಿದೆ. ಮೊದಲ ಹಾಡಿನಲ್ಲಿ ಟೆನರ್ ದನಿ ಒಂದರಲ್ಲಿ ವಾದ್ಯಗಳಡಿ ಹೂತುಹೋಗುತ್ತದೆ, ಇನ್ನೊಂದರಲ್ಲಿ ಕಿವಿಯ ಪಕ್ಕದಲ್ಲೇ ನಿಂತು ಹಾಡಿದಂತಿದೆ. ಇದು ಹಾಡುಗಾರನ ಕಸುವೋ, ಮುದ್ರಿಸಿದವರ ಕೈಚಳಕವೋ? ಇನ್ನೊಂದು, ಕೊನೆಯ ಹಾಡು ‘ಡೆರ್ ಅಬ್‌ಶೀಡ್’ (ವಿದಾಯ) ಹೆಚ್ಚುಕಮ್ಮಿ ಅರ್ಧ ಗಂಟೆಯದು. ಮೂರನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಯಾವ ಜಾಗಗಳನ್ನು ಆರಿಸಿಕೊಂಡು ಕೇಳಬೇಕು? ಒಂದನ್ನೇ ಇಟ್ಟುಕೊಳ್ಳುವುದಾದರೆ ಯಾವುದು?

ಮಂದ್ರಸ್ಥಾಯಿ:
ಟೆನರ್ ಮುಳುಗುವುದಕ್ಕೆ ಕಾರಣ ಬರವಣಿಗೆಯಲ್ಲೇ ಇದೆ. ಮಾಲರ್ ತನ್ನ ಕೃತಿಗಳನ್ನು ತಾಲೀಮಿನಲ್ಲಿ ಕೇಳಿ ವಾದ್ಯಗಳ ಭಾರ ಕಡಿಮೆ ಮಾಡುತ್ತಿದ್ದ, ಮತ್ತೆ ಮತ್ತೆ ತಿದ್ದುತ್ತಿದ್ದ. ಈ ಕೃತಿಯನ್ನು ಅವನು ಕೇಳಲೇ ಇಲ್ಲ. 1911ರ ಮೇ 18ರಂದು ತೀರಿಕೊಂಡ. ವಾಲ್ಟರ್ ಇದನ್ನು ಮ್ಯೂನಿಕ್‌ನಲ್ಲಿ ಮೊದಲ ಸಲ ನುಡಿಸಿದ್ದು ಅದೇ ವರ್ಷ ನವೆಂಬರ್ 20ರಂದು. ಹಾಗಾಗಿ ಮೊದಲ ಹಾಡಿನಲ್ಲಿ ಹಾರ್ನ್‌ಗಳು ಪೂರ್ತಿ ಉಸಿರಿನಲ್ಲಿ ಊದುತ್ತಿರುವಾಗಲೇ ಟೆನರ್ ತಾರಸ್ಥಾಯಿಯಲ್ಲಿ ಅದನ್ನು ಸೀಳಿಕೊಂಡು ಬರಬೇಕು. ಸಭಾಂಗಣದಲ್ಲಿ ಒಳ್ಳೊಳ್ಳೆಯವರೂ ಮುಳುಗುತ್ತಾರೆ. ಮುದ್ರಣದಲ್ಲಿ ದನಿಯ ಮೈಕನ್ನು ಏರಿಸಿ ಸರಿಮಾಡುತ್ತಾರೆ. ಆದ್ದರಿಂದ ದನಿ ಎಷ್ಟು ಮುಂದಿದೆ ಎನ್ನುವುದರಿಂದ ಹಾಡುಗಾರನನ್ನು ಅಳೆಯಬೇಡಿ, ಮೇಲಿನ ಸ್ವರಗಳಲ್ಲಿ ಅಕ್ಷರ ಬಿಗಿಯುತ್ತದೆಯೋ ಇಲ್ಲವೋ ನೋಡಿ.

ಇದಕ್ಕೆ ಕವಿಯೇ ಅಳತೆಗೋಲು ಕೊಟ್ಟಿದ್ದಾನೆ. ‘ದುಂಕೆಲ್ ಇಸ್ಟ್ ದಾಸ್ ಲೇಬೆನ್, ಇಸ್ಟ್ ಡೆರ್ ಟೋಡ್’ (ಬಾಳೂ ಕತ್ತಲು, ಸಾವೂ ಕತ್ತಲು) ಎಂಬ ಪಲ್ಲವಿ ಮೂರು ಸಲ ಬರುತ್ತದೆ. ಪ್ರತಿ ಸಲವೂ ಮಾಲರ್ ಅದನ್ನು ಅರ್ಧ ಸ್ವರ ಮೇಲೆ ಕೂರಿಸಿದ್ದಾನೆ: ಜಿ ಮೈನರ್, ಎ ಫ್ಲಾಟ್ ಮೈನರ್, ಎ ಮೈನರ್. ಈ ಮೂರನ್ನು ಮಾತ್ರ ಕತ್ತರಿಸಿಕೊಂಡು ಮೂರೂ ಮುದ್ರಣಗಳಲ್ಲಿ ಕೇಳಿ. ವಾಲ್ಟರ್ ಜೊತೆಗಿರುವ ಯೂಲಿಯುಸ್ ಪಾಟ್ಸಾಕ್‌ದು ಸಣ್ಣ, ಒಣ ದನಿ. ಆದರೆ ಸಾಹಿತ್ಯದ ಕಹಿ ಒಂದೊಂದು ಪದದಲ್ಲೂ ತಾಗುತ್ತದೆ. ಬರ್ನ್‌ಸ್ಟೈನ್ ಜೊತೆಗಿರುವ ಜೇಮ್ಸ್ ಕಿಂಗ್‌ದು ಲೋಹದಂಥ ಗಟ್ಟಿ ಗಂಟಲು, ಸೂಕ್ಷ್ಮ ಕಡಿಮೆ. ಕ್ಲೆಂಪರರ್ ಮುದ್ರಣದ ಫ್ರಿಟ್ಸ್ ವುಂಡರ್‌ಲಿಷ್ ಮೂರನೆಯ ಸಲವೂ ಮೊದಲಿನಷ್ಟೇ ಸಲೀಸಾಗಿ ಹಾಡುತ್ತಾರೆ. ಆ ಹಾಡಿಗೆ ಅದಕ್ಕಿಂತ ಉತ್ತಮವಾದದ್ದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಲೆಂಪರರ್ ಮುದ್ರಣವನ್ನು 1964 ಮತ್ತು 1966ರಲ್ಲಿ ಬಿಡಿಬಿಡಿಯಾಗಿ ಮಾಡಿದರು. ನಡುವೆ ಅದರ ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ ವಿಸರ್ಜನೆಯಾಗಿ ‘ನ್ಯೂ ಫಿಲ್‌ಹಾರ್ಮೋನಿಯಾ’ ಆಯಿತು. ತಟ್ಟೆಯ ಮೇಲೆ ಎರಡು ಹೆಸರು ಕಾಣುವುದು ಅದಕ್ಕೇ. ಇಬ್ಬರು ಗಾಯಕರು ಒಟ್ಟಿಗೆ ಹಾಡುವ ಜಾಗ ಈ ಕೃತಿಯಲ್ಲಿ ಒಂದೂ ಇಲ್ಲ, ಹಾಗಾಗಿ ಬಿಡಿ ಮುದ್ರಣದಿಂದ ಕೆಟ್ಟದ್ದೇನೂ ಇಲ್ಲ.

‘ಅಬ್‌ಶೀಡ್’ನಲ್ಲಿ ಮೂರು ಜಾಗ ಸಾಕು. ಒಂದು, ಆರಂಭ. ತಳದ ಸಿ ಸ್ವರದ ಮೇಲೆ ಟ್ಯಾಮ್‌ಟ್ಯಾಮ್ ಎಂಬ ದೊಡ್ಡ ಜಾಗಟೆ, ಆಮೇಲೆ ದನಿ ಮತ್ತು ಒಂಟಿ ಕೊಳಲು. ಅಲ್ಲಿ ಮಾಲರ್ ಬರೆದ ಸೂಚನೆ: ಕಥೆ ಹೇಳುವ ದನಿಯಲ್ಲಿ, ಭಾವ ಬೆರೆಸದೆ. ಕ್ಲೆಂಪರರ್ ಜೊತೆಗಿರುವ ಕ್ರಿಸ್ಟಾ ಲೂಡ್ವಿಗ್ ಇದನ್ನು ಅಕ್ಷರಶಃ ಪಾಲಿಸುತ್ತಾರೆ. ವಾಲ್ಟರ್ ಜೊತೆಗಿರುವ ಕ್ಯಾಥ್ಲೀನ್ ಫೆರಿಯರ್ ದನಿಯಲ್ಲೇ ದುಃಖ ಇದೆ, ಬೆರೆಸದಿದ್ದರೂ ಕೇಳುತ್ತದೆ. (ಅವರು 1953ರ ಅಕ್ಟೋಬರ್‌ನಲ್ಲಿ ತೀರಿಕೊಂಡರು ಎಂಬುದನ್ನು ಹೋಲಿಸುವಾಗ ಪಕ್ಕಕ್ಕಿಡಿ. ಇಲ್ಲವಾದರೆ ಕಿವಿ ದನಿಯನ್ನು ಬಿಟ್ಟು ಜೀವನಚರಿತ್ರೆ ಕೇಳತೊಡಗುತ್ತದೆ.) ಎರಡು, ನಡುವಿನ ಶವಯಾತ್ರೆಯ ನಡೆ. ಅಲ್ಲಿ ಹಾಡೇ ಇಲ್ಲ, ಕಂಡಕ್ಟರ್ ಒಬ್ಬರದೇ ಪರೀಕ್ಷೆ. ಕ್ಲೆಂಪರರ್ ಹೆಜ್ಜೆ ಅಲುಗಾಡುವುದಿಲ್ಲ. ಬರ್ನ್‌ಸ್ಟೈನ್ ಒಂದೊಂದು ಸಾಲನ್ನೂ ಎಳೆದು ಬಿಡುತ್ತಾರೆ.

ಮೂರನೆಯದು ಮುಕ್ತಾಯ. ಸಿ ಮೇಜರನ್ನು ಸ ಎಂದಿಟ್ಟುಕೊಳ್ಳಿ. ‘ಏವಿಷ್’ (ಎಂದೆಂದಿಗೂ) ಎಂಬ ಪದ ಗ–ರಿ ಎಂದು ಇಳಿದು ರಿ ಮೇಲೆಯೇ ನಿಲ್ಲುತ್ತದೆ, ಮತ್ತೆ ಗ–ರಿ. ಹಾಡುಗಾರ್ತಿ ಷಡ್ಜಕ್ಕೆ ಬಂದು ಸೇರುವುದೇ ಇಲ್ಲ. ಕೊನೆಯಲ್ಲಿ ಆರ್ಕೆಸ್ಟ್ರಾ ಹಿಡಿಯುವುದು ಸ, ಗ, ಪ ಸ್ವರಗಳ ಜೊತೆಗೆ ದ ಕೂಡ. ಆ ದ ಇರುವುದರಿಂದಲೇ ಹಾಡು ಮುಗಿದರೂ ಮುಗಿದಂತೆ ಅನಿಸುವುದಿಲ್ಲ. ರಿ ಮೇಲಿನ ಉಸಿರು ಎಲ್ಲಿಯಾದರೂ ಕುಸಿದರೆ, ಅಥವಾ ಚೆಲೆಸ್ಟಾ, ಮ್ಯಾಂಡೊಲಿನ್, ಹಾರ್ಪ್ ಮೂರೂ ಕಲಸಿಹೋದರೆ, ಅರ್ಧ ಗಂಟೆಯ ಕಾಯುವಿಕೆ ವ್ಯರ್ಥ. 1952ರದು ಮೊನೊ (ಎಡ-ಬಲ ಬೇರ್ಪಡಿಸದ ಒಂದೇ ವಾಹಿನಿ), ಅಲ್ಲಿ ಈ ಮೂರನ್ನು ಬಿಡಿಸಿಕೊಳ್ಳುವುದು ಕಷ್ಟವೇ.

ಕಪ್ಪುತಟ್ಟೆ:
ಒಂದು ಮಾತು ಸೇರಿಸುತ್ತೇನೆ. ಬರ್ನ್‌ಸ್ಟೈನ್ ಮುದ್ರಣದಲ್ಲಿ ಹೆಣ್ಣುದನಿ ಇಲ್ಲ, ಡೀಟ್ರಿಷ್ ಫಿಷರ್-ಡೀಸ್ಕೌ ಎಂಬ ಬ್ಯಾರಿಟೋನ್ (ಟೆನರ್‌ಗಿಂತ ತಗ್ಗಿನ ಗಂಡುದನಿ) ಇದ್ದಾರೆ. ಮಾಲರ್ ಇದಕ್ಕೆ ಅನುಮತಿ ಕೊಟ್ಟಿದ್ದಾನೆ, ತಪ್ಪೇನಲ್ಲ. ಆದರೆ ಅದೇ ಸ್ವರಗಳು ಒಂದು ಸ್ಥಾಯಿ ಕೆಳಗಿಳಿದು ಹಾರ್ನ್, ಬಸೂನ್, ಚೆಲೋಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಕೊಳಲಿಗೂ ದನಿಗೂ ನಡುವಿನ ಅಂತರ ಬೇರೆಯಾಗುತ್ತದೆ. ಆರು ಹಾಡುಗಳೂ ಗಂಡುದನಿಯಲ್ಲಾದಾಗ ಒಂದು ಬಿಟ್ಟು ಒಂದು ಬದಲಾಗುವ ಬೆಳಕು-ನೆರಳೂ ಹೋಗುತ್ತದೆ. ಸಾಹಿತ್ಯವನ್ನು ಮಾತಿನಷ್ಟು ಸಹಜವಾಗಿ ನುಡಿಯುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಎರಡನೆಯ ಮುದ್ರಣವಾಗಿ ಇರಲಿ, ಮೊದಲನೆಯದಾಗಿ ಬೇಡ. ಹೋಲಿಕೆಗೆ ಹೆಣ್ಣುದನಿಯ ಇನ್ನೊಂದು ಸ್ಟೀರಿಯೊ ಬೇಕಾದರೆ ಹೈಟಿಂಕ್ 1975 ತೆಗೆದುಕೊಳ್ಳಿ: ಕನ್ಸರ್ಟ್‌ಗೆಬೌ ಆರ್ಕೆಸ್ಟ್ರಾ, ಹಾಡುಗಾರ್ತಿ ಜ್ಯಾನೆಟ್ ಬೇಕರ್. ಟೆನರ್ ಅದೇ ಜೇಮ್ಸ್ ಕಿಂಗ್.

ಸಮಶ್ರುತಿ:
ಕೇಳುವ ಮೊದಲು ಪ್ಲೇಯರ್ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಮೇಲಿನವರು ಹೇಳಿದ ಸೂಕ್ಷ್ಮ ಒಂದೂ ಸಿಗುವುದಿಲ್ಲ.

ಸದ್ದು ಸ್ವಲ್ಪ ಜಾಸ್ತಿ ಇರುವುದೇ ಕಿವಿಗೆ ‘ಚೆನ್ನಾಗಿದೆ’ ಅನಿಸುತ್ತದೆ. ಕೂರುವ ಜಾಗದಲ್ಲೇ ಫೋನಿನ ಸದ್ದುಮಾಪಕ ಇಟ್ಟು, ಮೊದಲ ಹಾಡಿನ ಒಂದೇ ತುಣುಕನ್ನು ಎಲ್ಲ ಮುದ್ರಣಗಳಲ್ಲೂ ಹಾಕಿ, ಸರಾಸರಿ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ಮಾಡಿ. ಒಂದು ಹೊಡೆತದ ಗರಿಷ್ಠ ಅಂಕಿ ನೋಡಬೇಡಿ, ಹಿಡಿದು ನಿಲ್ಲುವ ಭಾಗ ನೋಡಿ.

ಇನ್ನು ‘ನಾರ್ಮಲೈಸೇಶನ್’, ಅಂದರೆ ಪ್ಲೇಯರ್ ತಾನೇ ಸದ್ದಿನ ಮಟ್ಟ ಸಮಮಾಡುವುದು. ಅದು ಟ್ರ್ಯಾಕ್ ಲೆಕ್ಕದಲ್ಲಿದ್ದರೆ ಎರಡನೆಯ ಹಾಡಿನ ಸಣ್ಣ ದನಿಯ ಪಿಟೀಲುಗಳನ್ನು ಮೊದಲ ಹಾಡಿನ ಅಬ್ಬರದ ಮಟ್ಟಕ್ಕೆ ಎತ್ತಿಬಿಡುತ್ತದೆ. ಶರತ್ಕಾಲದ ಒಂಟಿತನದ ಹಾಡು ಅದು, ಹಾಗೆ ಎತ್ತಿದರೆ ಸತ್ತೇಹೋಗುತ್ತದೆ. ಆಲ್ಬಮ್ ಲೆಕ್ಕಕ್ಕೆ ಬದಲಿಸಿ ಅಥವಾ ಪೂರ್ತಿ ಆರಿಸಿ. ಕ್ರಾಸ್‌ಫೇಡ್ ಕೂಡ ಆರಿಸಿ, ಅದು ಕೊನೆಯ ಏವಿಷ್ ಮೇಲೆಯೇ ಮುಂದಿನ ತುಣುಕನ್ನು ತಂದು ಹಾಕುತ್ತದೆ.

1952ರ ಮುದ್ರಣ ಎರಡೂ ಸ್ಪೀಕರ್‌ಗಳ ನಡುವೆ ಒಂದೇ ಬಿಂದುವಿನಿಂದ ಬರಬೇಕು. ಅಗಲವಾಗಿ ಹರಡಿ ಮಂಕಾಗಿ ಕೇಳಿದರೆ ಮೊನೊವನ್ನು ಸ್ಟೀರಿಯೊ ಎಂದು ತೋರಿಸಲು ತಿರುಚಿದ ಪ್ರತಿ ಇರಬಹುದು. ಬೇರೆ ವರ್ಗಾವಣೆ ಹುಡುಕಿ. ಗೊರಗೊರ ಸದ್ದು ತೆಗೆಯಲು ಹೋಗಿ ಹಾಳುಮಾಡಿದ ಪ್ರತಿಯನ್ನು ‘ಅಬ್‌ಶೀಡ್’ನ ಕೊಳಲಿನಲ್ಲಿ ಹಿಡಿಯಬಹುದು. ಕೊಳಲು ಉಸಿರು ನಿಲ್ಲಿಸಿದ ಕ್ಷಣ ಸಭಾಂಗಣದ ಗಾಳಿಯೂ ತಟ್ಟನೆ ನಿಂತು ಕತ್ತರಿಸಿದ ಮೌನ ಬಂದರೆ ಅದು ಅತಿಯಾಗಿ ತೊಳೆದದ್ದು. ಸ್ವಲ್ಪ ಹಿಸ್ ಇದ್ದರೂ ಗಾಳಿ ಉಳಿದಿರುವ ಪ್ರತಿಯೇ ಮೇಲು.

ಹೊಸಕಿವಿ:
ನಾರ್ಮಲೈಸೇಶನ್ ಟ್ರ್ಯಾಕ್ ಲೆಕ್ಕದಲ್ಲೇ ಇತ್ತು, ಬದಲಿಸಿದೆ. ಎರಡನೆಯ ಹಾಡು ಈಗ ಬೇರೆಯೇ ಆಗಿದೆ. ಇನ್ನೊಂದು: ನಾಲ್ಕನೆಯ ಹಾಡಿನ ಕುದುರೆಗಳ ಭಾಗದಲ್ಲಿ ಫೆರಿಯರ್ ಪದಗಳು ನನಗೆ ಸಿಗುತ್ತಿಲ್ಲ. ಪ್ರತಿಯ ದೋಷವೇ?

ಮಂದ್ರಸ್ಥಾಯಿ:
ಪ್ರತಿಯ ದೋಷವಲ್ಲ. ತರುಣರು ಕುದುರೆ ಏರಿ ಬರುವಲ್ಲಿ ಗತಿ ಏರುತ್ತಲೇ ಹೋಗಬೇಕು, ಪದಗಳೋ ಮಂದ್ರದಲ್ಲಿ ಒತ್ತೊತ್ತಾಗಿವೆ, ಉಸಿರಿಗೆ ಜಾಗವಿಲ್ಲ. ವಾಲ್ಟರ್ ಓಟಕ್ಕೆ ಬಿಡುತ್ತಾರೆ, ಪದಗಳು ಒಂದರ ಮೇಲೊಂದು ಬೀಳುತ್ತವೆ. ಕ್ಲೆಂಪರರ್ ಲಗಾಮು ಹಿಡಿಯುತ್ತಾರೆ. ಲೂಡ್ವಿಗ್ ಬಾಯಲ್ಲಿ ಅಕ್ಷರ ಸ್ಪಷ್ಟ, ಆದರೆ ಕುದುರೆ ಓಡುವುದಿಲ್ಲ. ಮೂರನೆಯ ಹಾಡನ್ನೂ ಕ್ಲೆಂಪರರ್ ಇದೇ ಬಗೆಯಲ್ಲಿ ಬಿಗಿಹಿಡಿದಿದ್ದಾರೆ, ಅದು ನನಗೆ ಆ ಮುದ್ರಣದ ಬಲಹೀನ ಜಾಗ. ಆದರೂ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಕ್ಲೆಂಪರರ್ ಅನ್ನುತ್ತೇನೆ, ಮೊದಲ ಹಾಡಿಗಾಗಿ ಮತ್ತು ‘ಅಬ್‌ಶೀಡ್’ನ ಕೊನೆಯ ರಿಗಾಗಿ.

ಕಪ್ಪುತಟ್ಟೆ:
ಕೊನೆಯ ರಿ ಎಂದರೆ ಒಮ್ಮೆ ಬೇಕರ್ ಕೇಳಿ ನಿರ್ಧರಿಸಿ. ಆರ್ಕೆಸ್ಟ್ರಾದೊಳಗೆ ಕರಗುವ ಸಣ್ಣ ದನಿ ಅದು, ಎಲ್ಲಿ ನಿಂತಿತು ಎಂದು ಹೇಳಲಾಗುವುದಿಲ್ಲ.