ಸಿವಿಲ್ ಎಂಜಿನಿಯರಿಂಗ್: ಪಟ್ಟಿಯಲ್ಲಿರುವ 12 ಸಾಮರ್ಥ್ಯಗಳಿಗೂ ನಿಜವಾದ ಕೆಲಸಕ್ಕೂ ಸಂಬಂಧವಿದೆಯೇ?

ಬ್ರಹ್ಮಾವರದ ತಾಯಿ:
ಮಗಳಿಗೆ ಸಿಇಟಿಯಲ್ಲಿ ಸಿವಿಲ್ ಸೀಟು ಸಿಗುವ ಹಾಗಿದೆ. ಅವಳಿಗೆ ಮನಸ್ಸಿದೆ, ಸೇತುವೆ, ಅಣೆಕಟ್ಟು ಎಂದರೆ ಚಿಕ್ಕಂದಿನಿಂದಲೂ ಕುತೂಹಲ. ಮನೆಯಲ್ಲಿ ಉಳಿದವರೆಲ್ಲ ಕಂಪ್ಯೂಟರ್ ಸೈನ್ಸ್ ಎಂದು ಹಟ ಹಿಡಿದಿದ್ದಾರೆ. ಕೆಲವು ಕಾಲೇಜುಗಳ ಮಾಹಿತಿ ಪುಸ್ತಿಕೆ ಓದಿದೆ. ಎಲ್ಲದರಲ್ಲೂ ‘ಶೈಕ್ಷಣಿಕ ಉದ್ದೇಶಗಳು’ ಎಂದು ಮೂರು ನಾಲ್ಕು ಸಾಲು, ಆಮೇಲೆ ಪದವೀಧರರಲ್ಲಿ ಇರಬೇಕಾದ 12 ಸಾಮರ್ಥ್ಯಗಳ ಪಟ್ಟಿ. ಆ ಪಟ್ಟಿ ಎಲ್ಲ ಕಾಲೇಜಿನಲ್ಲೂ ಒಂದೇ. ವಿನ್ಯಾಸ, ಲೆಕ್ಕಾಚಾರ ಬೇಕು, ಒಪ್ಪಿದೆ. ಸಮಾಜ, ವೃತ್ತಿನೀತಿ, ಸಂವಹನ, ಜೀವನಪೂರ್ತಿ ಕಲಿಕೆ ಎಂಬುವೆಲ್ಲ ಯಾಕೆ? ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಿ.

ಸೈಟ್ ಎಂಜಿನಿಯರ್, ಮಂಗಳೂರು:
ಅಕ್ಕ, ಪಟ್ಟಿ ಒಂದೇ ಇರುವುದಕ್ಕೆ ಕಾರಣವಿದೆ. ಅದನ್ನು ಕಾಲೇಜಿನವರು ಬರೆದದ್ದಲ್ಲ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಎಲ್ಲ ಎಂಜಿನಿಯರಿಂಗ್ ವಿಭಾಗಗಳಿಗೂ ಕೊಟ್ಟದ್ದು. ಉದ್ದೇಶಗಳು ಮಾತ್ರ ಆಯಾ ವಿಭಾಗದವು. ಪದವಿ ಮುಗಿಸಿ ಕೆಲವು ವರ್ಷಗಳಾದಾಗ ತಮ್ಮ ವಿದ್ಯಾರ್ಥಿ ಯಾವ ಮಟ್ಟದಲ್ಲಿರಬೇಕು ಎಂಬುದು ಉದ್ದೇಶ. ಪದವಿ ಕೈಗೆ ಬರುವ ದಿನ ಏನೆಲ್ಲ ಬರುತ್ತಿರಬೇಕು ಎಂಬುದು ಸಾಮರ್ಥ್ಯ.

ನೀವು ಯಾಕೆ ಎಂದು ಕೇಳಿದ ನಾಲ್ಕು ಅಂಶಗಳೇ ನಮ್ಮ ಊರಿನಲ್ಲಿ ಹೆಚ್ಚು ಬೇಕಾಗುತ್ತವೆ. ಇಲ್ಲಿನ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಮಾರ್ಚ್ ತಿಂಗಳಲ್ಲಿ ಧರೆ, ಅಂದರೆ ಗುಡ್ಡದ ಬದಿ, ಕಡಿದರೆ ಶೇಡಿ ನೆಟ್ಟಗೆ ನಿಲ್ಲುತ್ತದೆ. ಉಗುರಿನಿಂದ ಗೀರಿದರೆ ಬಿಳಿಯ, ತಿಳಿಗುಲಾಬಿ ಬಣ್ಣದ ಪುಡಿ ಉದುರುತ್ತದೆ, ಅಷ್ಟೇ. ಅದರದೇ ಒಂದು ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಕೆಸರು. ಬೇಸಿಗೆಯಲ್ಲಿ ಜಾಗ ನೋಡಿದ ಮಾಲೀಕರು ‘ಇಷ್ಟು ಗಟ್ಟಿ ಇದೆ, ತಡೆಗೋಡೆ ಮುಂದಿನ ವರ್ಷ ಕಟ್ಟೋಣ’ ಎನ್ನುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಧರೆಯ ಮೇಲೆ ಇನ್ನೊಬ್ಬರ ಮನೆ, ಅವರ ಬಾವಿ. ಸಮಾಜ ಎಂಬ ಅಂಶ ಅಲ್ಲಿದೆ. ಕಡಿತವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕು, ಗೋಡೆಯ ಹಿಂದೆ ಜಲ್ಲಿ ತುಂಬಿ ನೀರು ಹೊರಬರಲು ತೂತು ಬಿಡಬೇಕು, ಮಳೆಗೆ ಮೊದಲೇ ಮುಗಿಸಬೇಕು ಎಂದು ಮಾಲೀಕರಿಗೆ ತುಳುವಿನಲ್ಲಿ ಮನವರಿಕೆ ಮಾಡಿ, ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು ಸಂವಹನ. ಲೆಕ್ಕ ಸರಿಯಿದ್ದೂ ಹೇಳಲು ಬಾರದಿದ್ದರೆ ಆ ಲೆಕ್ಕ ಯಾರ ಮನೆಯನ್ನೂ ಉಳಿಸುವುದಿಲ್ಲ.

ವೃತ್ತಿನೀತಿಯ ವಿಷಯ ಇನ್ನೂ ಗಂಭೀರ. ಕಡಲ ಗಾಳಿಗೆ ನೇರವಾಗಿ ಒಡ್ಡಿಕೊಳ್ಳುವ ಕಾಂಕ್ರೀಟನ್ನು ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ‘ತೀವ್ರ’ ವರ್ಗಕ್ಕೆ ಸೇರಿಸುತ್ತದೆ: ಬಲದಲ್ಲಿ ಕನಿಷ್ಠ ಎಂ30 ದರ್ಜೆ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಗಟ್ಟಿಯಾಗುತ್ತಾ ಬಂದಾಗ ಮೇಸ್ತ್ರಿ ಬಂದು ‘ಮೇಡಂ, ಎರಡು ಬಕೆಟ್ ನೀರು ಹಾಕಿದರೆ ಸಲೀಸಾಗಿ ಹರಿಯುತ್ತದೆ’ ಎನ್ನುತ್ತಾರೆ. ನೀರು ಹೆಚ್ಚಾದಷ್ಟೂ ಒಳಗೆ ಸೂಕ್ಷ್ಮ ರಂಧ್ರಗಳು ಹೆಚ್ಚು. ಉಪ್ಪಿನಂಶ ಒಳಹೊಕ್ಕು ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಸೀಳುತ್ತದೆ. ಬಲ ಪರೀಕ್ಷೆಗೆಂದು ಅದೇ ಕಾಂಕ್ರೀಟಿನಿಂದ ಮಾಡುವ ಕ್ಯೂಬುಗಳನ್ನು ಮೊದಲೇ ತುಂಬಿಸಿ ಇಟ್ಟಿದ್ದರೆ 28 ದಿನದ ಪರೀಕ್ಷೆಯಲ್ಲೂ ಈ ನೀರು ಸಿಕ್ಕಿಬೀಳುವುದಿಲ್ಲ. ಆ ಹೊತ್ತಿನಲ್ಲಿ ‘ಬೇಡ’ ಎನ್ನಬೇಕಾದವರು ಅಲ್ಲಿ ನಿಂತಿರುವ ಎಂಜಿನಿಯರ್. ನಾನು ಹೊಸಬಳಿದ್ದಾಗ ಹಾಗೆ ಹೇಳಿ ಒಂದಿಡೀ ಲಾರಿಯನ್ನು ವಾಪಸ್ ಕಳಿಸಿದೆ. ಗುತ್ತಿಗೆದಾರರು ಸಿಟ್ಟಾದರು. ಇವತ್ತೂ ನಾನು ಹಾಗೆಯೇ ಮಾಡುತ್ತೇನೆ.

ಕಲಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ನಾನು ಓದುವಾಗ ಇದ್ದ ಕಾಂಕ್ರೀಟ್ ಮಿಶ್ರಣದ ಸಂಹಿತೆ 2009ರದು, 2019ರಲ್ಲಿ ಹೊಸದು ಬಂತು.

ಬೋಧಕ, ಉಡುಪಿ:
ಮೇಲಿನವರು ಬರೆದದ್ದನ್ನು ನನ್ನ ತರಗತಿಯಲ್ಲಿ ಓದಿ ಹೇಳಬೇಕೆನಿಸಿತು. ಎರಡು ಮಾತು ಸೇರಿಸುತ್ತೇನೆ. ಎನ್‌ಬಿಎ ಈಚೆಗೆ ಪಟ್ಟಿಯನ್ನು ಪರಿಷ್ಕರಿಸಿ 11 ಅಂಶಕ್ಕೆ ಇಳಿಸಿದೆ. ಸಮಾಜ ಮತ್ತು ಪರಿಸರ ಒಂದೇ ಅಂಶದಲ್ಲಿ ಸೇರಿವೆ. ಇನ್ನೊಂದು, ನ್ಯಾಕ್ ಶ್ರೇಣಿಯನ್ನು ನೋಡಿ ಸುಮ್ಮನಾಗಬೇಡಿ. ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು, ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಪದವಿ ಕಾರ್ಯಕ್ರಮಕ್ಕೆ, ಅದೂ ಮೂರು ಅಥವಾ ಆರು ವರ್ಷಕ್ಕೆ. ಕಾಲೇಜಿಗೆ ಮಾನ್ಯತೆ ಇದೆ ಎಂದರೆ ‘ಸಿವಿಲ್‌ಗೆ ಇದೆಯೇ, ಯಾವ ವರ್ಷದವರೆಗೆ?’ ಎಂದು ಕೇಳಿ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಭಾರತ 2014ರಲ್ಲಿ ಪಡೆಯಿತು. ಮುಂದೆ ಹೊರದೇಶಕ್ಕೆ ಹೋಗುವ ಯೋಚನೆಯಿದ್ದರೆ ಇದು ಮುಖ್ಯ. ಆದರೆ ಅದರ ಪ್ರಯೋಜನ ಎನ್‌ಬಿಎಯ ಟಯರ್-1 ವರ್ಗದಲ್ಲಿ (ವಿಶ್ವವಿದ್ಯಾಲಯ, ಸ್ವಾಯತ್ತ ಕಾಲೇಜುಗಳದು) ಮಾನ್ಯತೆ ಪಡೆದ ಕಾರ್ಯಕ್ರಮಗಳಿಗೆ ಮಾತ್ರ.

ಬ್ರಹ್ಮಾವರದ ತಾಯಿ:
ಇಬ್ಬರಿಗೂ ಧನ್ಯವಾದ. ಮಗಳು ಶೇಡಿ ಮಣ್ಣಿನ ಭಾಗವನ್ನು ಎರಡು ಸಲ ಓದಿದಳು. ಕಾಲೇಜು ನೋಡಲು ಹೋದಾಗ ಏನನ್ನು ಗಮನಿಸಬೇಕು?

ಸೈಟ್ ಎಂಜಿನಿಯರ್, ಮಂಗಳೂರು:
ಮೊದಲು ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಹೋಗಿ. ಉಪಕರಣಗಳ ಮೇಲೆ ಮಣ್ಣಿನ ಕಲೆ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ. ಕ್ಯೂಬುಗಳನ್ನು ವಿದ್ಯಾರ್ಥಿಗಳೇ ತುಂಬಿಸಿ ಒಡೆದು ನೋಡುತ್ತಾರೆಯೇ, ಸಹಾಯಕರು ಮಾಡುವುದನ್ನು ಸುತ್ತ ನಿಂತು ನೋಡುತ್ತಾರೆಯೇ ಎಂದು ಮೂರನೇ ವರ್ಷದ ಮಕ್ಕಳನ್ನೇ ಕೇಳಿ. ಸರ್ವೆ ಶಿಬಿರ ಹೊರಗೆ ನಡೆಯುತ್ತದೆಯೇ, ಅಳತೆಯ ಉಪಕರಣವಾದ ಟೋಟಲ್ ಸ್ಟೇಷನ್ ಎಲ್ಲರ ಕೈಗೂ ಸಿಗುತ್ತದೆಯೇ ಎಂದೂ ವಿಚಾರಿಸಿ. ಸೀಟು ಆರಿಸಿಕೊಳ್ಳುವ ಮೊದಲು ಒಂದು ಶನಿವಾರ ಮಗಳನ್ನು ನಮ್ಮ ಸೈಟಿಗೆ ಕರೆದುಕೊಂಡು ಬನ್ನಿ. ಹೆಲ್ಮೆಟ್ ಇಲ್ಲಿದೆ, ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿಕೊಂಡು ಬರಲಿ.