ಅಮ್ಮ ಆಂಗ್ಲೋ ಇಂಡಿಯನ್, ಅಪ್ಪ ಮಂಡ್ಯದವರು: ನಾನು ಯಾರ ಲೆಕ್ಕಕ್ಕೆ?

ಕಾಕ್ಸ್ ಟೌನಿನವಳು:
ಅಮ್ಮನ ತವರು ಬೆಂಗಳೂರಿನ ಕಾಕ್ಸ್ ಟೌನ್. ಅಪ್ಪ ಮಂಡ್ಯದ ಕಡೆಯ ಒಕ್ಕಲಿಗರು. ನನಗೆ ಅಪ್ಪನ ಹೆಸರು, ಅಮ್ಮನ ಬೂದುಗಣ್ಣು ಬಂದಿವೆ. ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಭಾನುವಾರ ತೆಂಗಿನ ಹಾಲಿನ ಹಳದಿ ಅನ್ನ ಮತ್ತು ಬಾಲ್ ಕರಿ ತಿಂದು. ಮೊನ್ನೆ ಆಂಗ್ಲೋ ಇಂಡಿಯನ್ ಸಮುದಾಯದ ಸಂಘವೊಂದಕ್ಕೆ ಸದಸ್ಯತ್ವ ಕೇಳಿದರೆ, ತಂದೆಯ ಕಡೆಯ ಯುರೋಪಿಯನ್ ಮೂಲ ಯಾವುದು ಎಂದರು. ಸಂವಿಧಾನದ 366(2)ನೇ ವಿಧಿ ಹೇಳುವುದೂ ಅದನ್ನೇ: ತಂದೆಯೋ ತಂದೆಯ ಗಂಡು ಪೀಳಿಗೆಯ ಹಿರಿಯರೋ ಯುರೋಪಿಯನ್ ಮೂಲದವರಾಗಿರಬೇಕು. ನನ್ನ ಸೋದರಮಾವ ಮದುವೆಯಾದದ್ದು ಮಲಯಾಳಿ ಹುಡುಗಿಯನ್ನು. ಅವರ ಮಕ್ಕಳು ಆಂಗ್ಲೋ ಇಂಡಿಯನ್, ನಾನಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳು ನಾವು.

ಹಳೇ ಮೈಸೂರಿನವ:
ಇದರಲ್ಲಿ ಗೋಳಾಡುವುದಕ್ಕೆ ಏನಿದೆ? ನಮ್ಮಲ್ಲಿ ಎಲ್ಲರಿಗೂ ಅಪ್ಪನ ಕುಲವೇ ಲೆಕ್ಕ. ನೀವು ಮಂಡ್ಯದ ಕನ್ನಡತಿ. ಮುಗಿಯಿತಲ್ಲ?

ಕಾಕ್ಸ್ ಟೌನಿನವಳು:
ಮುಗಿದಿದ್ದರೆ ಆಟೋದವರು ನಾನು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿರಲಿಲ್ಲ. ಅಪ್ಪನ ಊರಿನ ಹಬ್ಬದಲ್ಲಿ ನಾನು ಈಗಲೂ "ಆ ದೊರೆಸಾನಿಯ ಮಗಳು". ಪ್ರೀತಿಯಿಂದಲೇ ಕರೆಯುತ್ತಾರೆ ಎನ್ನಿ.

ಕರಿಕೋಟು:
ಕಾನೂನಿನ ಹಿನ್ನೆಲೆ ಹೇಳಿಬಿಡುತ್ತೇನೆ. ಈ ವ್ಯಾಖ್ಯೆ 1935ರ ಭಾರತ ಸರ್ಕಾರದ ಕಾಯ್ದೆಯಿಂದ ಬಂದದ್ದು. ಹುದ್ದೆ ಮತ್ತು ಸ್ಥಾನ ಹಂಚುವಾಗ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಗೆರೆ ಎಳೆಯಲು ಅದು ಬೇಕಿತ್ತು. ರೈಲ್ವೆ, ಕಸ್ಟಮ್ಸ್, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿದ್ದ ಮೀಸಲು ಸಂವಿಧಾನ ಜಾರಿಯಾದ 10 ವರ್ಷಕ್ಕೆ ನಿಂತಿತು. ಈ ಸಮುದಾಯಕ್ಕಿದ್ದ ಲೋಕಸಭೆಯ 2 ನಾಮನಿರ್ದೇಶಿತ ಸ್ಥಾನ, ನಮ್ಮ ವಿಧಾನಸಭೆಯ 225ನೆಯ ನಾಮನಿರ್ದೇಶಿತ ಸ್ಥಾನ ಕೂಡ ಸಂವಿಧಾನದ 104ನೇ ತಿದ್ದುಪಡಿಯ ನಂತರ, 2020ರ ಜನವರಿಯಿಂದ, ಇಲ್ಲ. ಹಂಚುವುದಕ್ಕೆ ಏನೂ ಉಳಿಯದ ಮೇಲೆ ಆ ಗೆರೆಯ ಒಳಗಿದ್ದರೇನು, ಹೊರಗಿದ್ದರೇನು?

ಹುಬ್ಬಳ್ಳಿ ಗಾರ್ಡಿನ ಮೊಮ್ಮಗ:
ಕರಿಕೋಟಿನವರೇ, ನಾನು ಗೆರೆಯ ಒಳಗೇ ಇದ್ದೇನೆ, ಕೇಳಿ. ತಂದೆಯ ಕಡೆಯಿಂದ ಐದು ತಲೆಮಾರು, ದಾಖಲೆ ಸಮೇತ. ಆದರೆ ನನ್ನ ಬಣ್ಣ ಕಪ್ಪು. ಮನೆ ಬಾಡಿಗೆಗೆ ಕೇಳಲು ಹೋಗಿ ಸ್ಕಾಟಿಷ್ ಹೆಸರು ಹೇಳಿದರೆ ಮಾಲೀಕರು "ಯಾವಾಗ ಮತಾಂತರವಾದಿರಿ?" ಎನ್ನುತ್ತಾರೆ. ಹೆಸರಿಗೆ ತಕ್ಕ ಬಣ್ಣವನ್ನೂ ತಂದು ತೋರಿಸಬೇಕಂತೆ. ನಮ್ಮವರೇನು ಕಡಿಮೆಯೇ? ಕ್ರಿಸ್‌ಮಸ್ ಊಟಕ್ಕೆ ಸೇರಿದಾಗ ದೊಡ್ಡಮ್ಮಂದಿರು ಬಿಳಿಯ ತಂಗಿಯನ್ನು ಮುಂದೆ ಕೂರಿಸಿ ಫೋಟೊ ತೆಗೆಸುತ್ತಿದ್ದರು, ನನ್ನನ್ನು ಹಿಂದಿನ ಸಾಲಿಗೆ ಕಳುಹಿಸುತ್ತಿದ್ದರು. ಇದನ್ನು ನಮ್ಮ ಜನ ಹೊರಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನು ಗೆರೆಯ ವಿಚಾರ. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅಂಥವರಿಗೆ ತನ್ನ ಸಿವಿಲ್ ಮತ್ತು ಸೇನಾ ಹುದ್ದೆ ಕೊಡುವುದಿಲ್ಲ ಎಂದಿತು. ಆಗ ತಾಯಿಯ ರಕ್ತ ಲೆಕ್ಕಕ್ಕೆ ಬಂತು, ಹೊರಗೆ ಹಾಕುವುದಕ್ಕೆ. ಮುಂದೆ ರೈಲು, ತಂತಿಗೆ ನಂಬಿಕಸ್ಥರು ಬೇಕಾದಾಗ ನಮ್ಮನ್ನೇ ಕರೆದರು. ಒಳಗೆ ಸೇರಿಸುವ ಕಾಯ್ದೆ ಬರೆಯುವಾಗ ಮಾತ್ರ ತಾಯಿ ಮಾಯವಾದಳು.

ಹಳೇ ಮೈಸೂರಿನವ:
ಅದು ಕಂಪನಿಯ ಬುದ್ಧಿ. ನಮ್ಮ ಮಹಾರಾಜರು 1882ರಲ್ಲಿ ಇದೇ ಜನರಿಗೆ ವೈಟ್‌ಫೀಲ್ಡಿನಲ್ಲಿ ಜಮೀನು ಕೊಟ್ಟರು. ನಿಮ್ಮವರೇ ಆದ ಆಂಗ್ಲೋ ಇಂಡಿಯನ್ ಕ್ರಿಕೆಟಿಗ ರೋಜರ್ ಬಿನ್ನಿ 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದಾಗ ಬೆಂಗಳೂರಿನ ಯಾರಾದರೂ ಆತನ ಮೂಲ ಕೇಳಿದರೇ?

ಕಾಕ್ಸ್ ಟೌನಿನವಳು:
ನಾನು ವಿಕೆಟ್ ತೆಗೆಯುವವರೆಗೆ ಕಾಯಬೇಕೇ ಹಾಗಾದರೆ?

ಎಡಿಸನ್ ಅಮ್ಮ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದವಳು, ನನ್ನ ಗಂಡ ಕಪ್ಪು ಅಮೆರಿಕನ್. ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಇಲ್ಲಿನ ಜನಗಣತಿಯಲ್ಲಿ 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಬಹುದು. 2020ರಲ್ಲಿ ಹಾಗೆ ಹಾಕಿದವರು 3.38 ಕೋಟಿ, ಅವರಲ್ಲಿ ಇವನೂ ಒಬ್ಬ.

ಕರಿಕೋಟು:
ನೋಡಿ, ಎಷ್ಟು ಸರಳ. ನಮ್ಮಲ್ಲೂ ಅದೇ ಕ್ರಮ ತಂದರೆ ಈ ಜಗಳವೇ ಇರುವುದಿಲ್ಲ.

ಎಡಿಸನ್ ಅಮ್ಮ:
ಸ್ವಲ್ಪ ತಾಳಿ ಸಾರ್. ಎರಡು ಜನಾಂಗಕ್ಕೆ ಗುರುತು ಹಾಕಿದವನನ್ನು ಅಂಗಡಿಯ ಕಾವಲುಗಾರ ಒಂದೇ ಜನಾಂಗದವನನ್ನಾಗಿ ನೋಡುತ್ತಾನೆ. ಕಮಲಾ ಹ್ಯಾರಿಸ್ ಅವರಿಗೇ 2024ರಲ್ಲಿ, ಇಷ್ಟು ದಿನ ಇಂಡಿಯನ್ ಆಗಿದ್ದವರು ಈಗ ಇದ್ದಕ್ಕಿದ್ದಂತೆ ಕಪ್ಪು ಜನರಾದರು ಎಂದು ಟ್ರಂಪ್ ವೇದಿಕೆಯ ಮೇಲೆ ಕುಳಿತು ಹಂಗಿಸಲಿಲ್ಲವೇ? ನನಗೆ ಹೆಚ್ಚು ನೋವಾದದ್ದು ನಮ್ಮವರಿಂದ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, ಅತಿಥಿಗಳಿಗೆ ಆ ಕಡೆ ಟೇಬಲ್ ಇದೆ ಎಂದು ಮಗನನ್ನು ಕಳುಹಿಸಿದರು. ಅವನು "ನಾನು ಅತಿಥಿ ಅಲ್ಲ, ಇನ್ನೂ ಒಂದು ಹೋಳಿಗೆ ಬೇಕು" ಎಂದು ಕನ್ನಡದಲ್ಲೇ ಹೇಳಿದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಕೇಳಿದ: ಬೇರೆ ಹುಡುಗರು ಹೋಳಿಗೆ ಕೇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲವಲ್ಲ ಅಮ್ಮ? ಈ ವರ್ಷ ಬರುವುದಿಲ್ಲ ಎಂದಿದ್ದಾನೆ.

ಹಳೇ ಮೈಸೂರಿನವ:
ತಾಯಿ, ಆ ಹಿರಿಯರ ಜಾಗದಲ್ಲಿ ನಾನಿದ್ದರೂ ಹುಡುಗನ ಕನ್ನಡ ಕೇಳಿ ಚಪ್ಪಾಳೆ ತಟ್ಟುತ್ತಿದ್ದೆ. ಸಂತೋಷಪಡುವುದೂ ತಪ್ಪೇ?

ಹುಬ್ಬಳ್ಳಿ ಗಾರ್ಡಿನ ಮೊಮ್ಮಗ:
ಸಂತೋಷಪಡಿ ಸಾರ್, ಆದರೆ ಹೋಳಿಗೆ ಬಡಿಸಿದ ಮೇಲೆ.

ಕಾಕ್ಸ್ ಟೌನಿನವಳೇ, ಒಂದು ಮಾತು. 2019ರ ಡಿಸೆಂಬರಿನಲ್ಲಿ ಕಾನೂನು ಸಚಿವರು ಜನಗಣತಿಯ ಲೆಕ್ಕ ಹಿಡಿದು ದೇಶದಲ್ಲಿ ಆಂಗ್ಲೋ ಇಂಡಿಯನ್ನರು 296 ಮಂದಿ ಎಂದರು. ನಮ್ಮವರು ಕೆಂಡವಾದರು, ಅಷ್ಟು ಜನ ಒಂದು ಕ್ರಿಸ್‌ಮಸ್ ಕುಣಿತಕ್ಕೇ ಸೇರುತ್ತಾರೆ ಎಂದು. ಹಾಗೆ ಸಿಟ್ಟಾದವರೇ ಇಂದು ಹೆಣ್ಣುಮಕ್ಕಳ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ ಎಣಿಕೆ ಕಡಿಮೆ ಮಾಡುತ್ತಿದ್ದಾರೆ. ಸಂಘದವರು ನಿಮಗೆ ಸಹಸದಸ್ಯತ್ವ ಕೊಡಬಹುದು, ಕೇಳಿ ನೋಡಿ.

ಕಾಕ್ಸ್ ಟೌನಿನವಳು:
ಕೊಡುತ್ತೇವೆ ಎಂದಿದ್ದಾರೆ. ಊಟಕ್ಕೆ ಬರಬಹುದು, ಮತ ಹಾಕುವಂತಿಲ್ಲ. ಅದು ಬೇಡ. ಅರ್ಜಿಯಲ್ಲಿ ತಂದೆಯ ಕಡೆಯ ಮೂಲ ಎಂಬಲ್ಲಿ ಮಂಡ್ಯ ಎಂದೇ ಬರೆದಿದ್ದೇನೆ, ಕೆಳಗೆ ಅಮ್ಮನ ಮನೆತನ ಬರೆದಿದ್ದೇನೆ. ಭಾನುವಾರ ಕೊಟ್ಟು ಬರುತ್ತೇನೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳುತ್ತೇನೆ.

ಕರಿಕೋಟು:
ಬರಹದಲ್ಲಿ ಕೊಟ್ಟರೆ ನನಗೂ ಒಂದು ಪ್ರತಿ ಕಳುಹಿಸಿ. ಶುಲ್ಕ ಬೇಡ.